ಅವಳ ಸ್ಕೂಟರಿಗೆ ಎರೆದ ನೀರು

ನಾನು ಮಾಡುವ ಕೆಲಸದಲ್ಲಿ ಹಸುವಿನ ಬೆಲೆ ನನ್ನ ತಾತನ ಕಾಲದಿಂದ ಹೆಚ್ಚು ಕಡಿಮೆ ಹಾಗೇ ಇದೆ.

ಕರ್ನಾಟಕದಿಂದ ಕಾಶಿಗೆ ಬರುವವರಿಗೆ ಹನುಮಾನ್ ಘಾಟಿನಲ್ಲಿ ಪಿತೃಕಾರ್ಯ ಮಾಡಿಸುವುದು ನಮ್ಮ ಮನೆತನದ ವೃತ್ತಿ. ಸತ್ತವರ ಹೆಸರಿನಲ್ಲಿ ಹಸು ಕೊಡಬೇಕು, ಭೂಮಿ ಕೊಡಬೇಕು, ಹಾಸಿಗೆ, ಕೊಡೆ, ಪಾದರಕ್ಷೆ ಕೊಡಬೇಕು. ರೈಲಿನಲ್ಲಿ ಬಂದವರು ಹಸುವನ್ನು ಎಲ್ಲಿಂದ ತಂದಾರು? ವೀಳ್ಯದೆಲೆಯ ಮೇಲೆ ಒಂದು ನಾಣ್ಯ ಇಟ್ಟು, ಅದರ ಮೇಲೆ ನೀರು ಬಿಟ್ಟರೆ ಹಸುವನ್ನೇ ಕೊಟ್ಟ ಹಾಗೆ. ಇದನ್ನು ನಿಷ್ಕ್ರಯ ಅನ್ನುತ್ತೇವೆ. ಬಡವನಿಗೂ ದಾನ ಕೊಟ್ಟ ಸಮಾಧಾನ ಸಿಗಲಿ ಎಂದು ಹಿಂದಿನವರು ಮಾಡಿಟ್ಟ ದಾರಿ ಅದು. ನಾನು ಅದನ್ನು ಹಗುರವಾಗಿ ಕಂಡವನಲ್ಲ.

ನಮ್ಮ ತಾತ ಈ ಪಟ್ಟಿಯ ಕೊನೆಗೆ ತಮ್ಮದೊಂದು ಪ್ರಶ್ನೆ ಸೇರಿಸಿಕೊಂಡಿದ್ದರು. "ಹೋದವರು ಆಸೆಪಟ್ಟು ಸಿಗದೇ ಉಳಿದದ್ದು ಏನಾದರೂ ಉಂಟೋ?" ನಾನೂ ಅದನ್ನೇ ಕೇಳುತ್ತಾ ಬಂದೆ. ಜನ ಮೊದಲು ತಬ್ಬಿಬ್ಬಾಗುತ್ತಾರೆ. ಆಮೇಲೆ ಹೇಳುತ್ತಾರೆ. ಅಮ್ಮನಿಗೆ ಕೆಂಪು ಕಲ್ಲಿನ ಓಲೆ. ಅಪ್ಪನಿಗೆ ರೇಡಿಯೋ. ಒಬ್ಬರು ತಮ್ಮ ಅತ್ತೆ ಒಮ್ಮೆ ವಿಮಾನ ಹತ್ತಬೇಕೆಂದಿದ್ದರು ಎಂದರು. ಆಗಲಿ, ವಿಮಾನಕ್ಕೂ ಒಂದು ನಾಣ್ಯ. ದಾನ ಹಿಡಿಯುವವರ ಅಂಗೈಗೆ ಎಲೆ, ಎಲೆಯ ಮೇಲೆ ನಾಣ್ಯ, ಆಮೇಲೆ ನೀರು. ಈ ಕ್ರಮ ತಪ್ಪಬಾರದು. ನಾಣ್ಯ ಇಡದೆ ನೀರು ಬಿಟ್ಟರೆ ಬದಲಿಗೆ ಅವಕಾಶವಿಲ್ಲ, ಹೆಸರು ಹೇಳಿದ ವಸ್ತುವನ್ನೇ ಕೊಡಬೇಕು. ಅವಸರದವರು ಚೊಂಬು ಎತ್ತಿದಾಗಲೆಲ್ಲ ನಾನು ಅವರ ಮಣಿಕಟ್ಟು ಹಿಡಿದು, "ತಾಳಿ, ಮೊದಲು ನಾಣ್ಯ" ಎಂದಿದ್ದೇನೆ. ಎಷ್ಟು ಸಾವಿರ ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ನನ್ನ ಹೆಂಡತಿ ಆಸೆಪಟ್ಟದ್ದು ಸ್ಕೂಟರನ್ನು.

ಅವಳು ತುಮಕೂರಿನ ಕಡೆಯವಳು. ಮದುವೆಯಾಗಿ ಬಂದಾಗ ಗಲ್ಲಿಯ ಹಿಂದಿ ಅವಳಿಗೆ ಒಂದು ಮಾತೂ ತಿಳಿಯುತ್ತಿರಲಿಲ್ಲ. ನಮಗೆ ಮಕ್ಕಳಾಗಲಿಲ್ಲ. ಸುಮ್ಮನೆ ಕೂರುವುದು ಅವಳಿಗೆ ಆಗದು. ಹುಳಿಪುಡಿ, ಸಾರಿನ ಪುಡಿ, ಚಟ್ನಿಪುಡಿ ಮಾಡಿ, ಯೂನಿವರ್ಸಿಟಿಯ ಒಳಗಿನ ಕ್ವಾರ್ಟರ್ಸ್‌ಗಳಲ್ಲಿರುವ ಕನ್ನಡದ ಡಾಕ್ಟರುಗಳಿಗೆ, ಮೇಷ್ಟ್ರುಗಳಿಗೆ ಕೊಡಲು ಶುರುಮಾಡಿದಳು. ಎರಡು ಚೀಲ ಹೊತ್ತು ಗಲ್ಲಿಯ ಮೆಟ್ಟಿಲು ಹತ್ತಿ ಸೋನಾರ್‌ಪುರದ ರಸ್ತೆಗೆ ಬರಬೇಕು, ಅಲ್ಲಿಂದ ಆಟೋದಲ್ಲಿ ಯೂನಿವರ್ಸಿಟಿ ಗೇಟಿನ ಮುಂದಿನ ಲಂಕಾ ಬಡಾವಣೆ, ಅಲ್ಲಿಂದ ಮತ್ತೆ ನಡಿಗೆ. ಆಟೋದಲ್ಲಿ ಚೀಲಕ್ಕೂ ಒಂದು ಸೀಟಿನ ಬಾಡಿಗೆ ಕೇಳುತ್ತಿದ್ದರು.

"ನನ್ನ ಚೀಲ ಏನು ಪಾನ್ ಹಾಕ್ಕೊಂಡು ಕಾಲು ಚಾಚ್ಕೊಂಡು ಕೂತಿದ್ಯಾ?" ಎಂದು ಅವಳು ಕನ್ನಡದಲ್ಲೇ ಜಗಳ ತೆಗೆಯುತ್ತಿದ್ದಳು. ಅದು ಹೇಗೋ ಅವರಿಗೂ ಅರ್ಥವಾಗುತ್ತಿತ್ತು.

ಪುಡಿ ಕೊಳ್ಳುತ್ತಿದ್ದ ಲೇಡಿ ಡಾಕ್ಟರೊಬ್ಬರು ಭಾನುವಾರದ ಬೆಳಿಗ್ಗೆಗಳಲ್ಲಿ ತಮ್ಮ ಸ್ಕೂಟರಿನಲ್ಲಿ ಅವಳಿಗೆ ಓಡಿಸುವುದನ್ನು ಕಲಿಸಿದರು. ಯೂನಿವರ್ಸಿಟಿಯ ರಸ್ತೆಗಳು ಅಗಲ, ಎರಡೂ ಕಡೆ ಮರ, ಆ ಹೊತ್ತಿಗೆ ಯಾರೂ ಇರುವುದಿಲ್ಲ. ನಾನು ಖಾಲಿ ಚೀಲ ಹಿಡಿದು ಮರದ ಕೆಳಗೆ ನಿಂತಿರುತ್ತಿದ್ದೆ. ಮೂರನೆಯ ವಾರ ಅವಳು ಒಬ್ಬಳೇ ಒಂದು ಸುತ್ತು ಹಾಕಿಕೊಂಡು ಬಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಮುಖ ಬೆವೆತು ಹೊಳೆಯುತ್ತಿತ್ತು. "ರೀ, ನೋಡಿದ್ರಾ? ಕಾಲೇ ಊರಲಿಲ್ಲ!" ಎಂದಳು. ಅವಳಿಗೆ ಆಗ ನಲವತ್ತು ದಾಟಿತ್ತು.

ಅಂದಿನಿಂದ ಪ್ರತಿ ದೀಪಾವಳಿಗೆ ನಾವು ಷೋರೂಮಿಗೆ ಹೋಗುವುದು ನಡೆದುಬಂತು. ಧನತ್ರಯೋದಶಿಯ ದಿನ ಬನಾರಸಿನಲ್ಲಿ ಗಾಡಿ ಕೊಳ್ಳುವವರ ಜಾತ್ರೆ. ಅದರ ಹಿಂದಿನ ವಾರ ಜನ ಕಡಿಮೆ. "ನಡೀರಿ, ಕೇಳ್ಕೊಂಡು ಬರೋಣ. ಕೇಳೋದಕ್ಕೇನು ದುಡ್ಡಾ?" ಎಂದು ಅವಳೇ ಹೊರಡಿಸುತ್ತಿದ್ದಳು. ಅಲ್ಲಿ ಒಬ್ಬ ಸೇಲ್ಸ್‌ಮನ್ ಇದ್ದ, ಮಾತಿನ ಮಲ್ಲ. ಎರಡನೆಯ ವರ್ಷದಿಂದಲೇ ಅವಳನ್ನು ದೂರದಿಂದ ನೋಡಿ, "ಆಯಿಯೇ ಮಾತಾಜಿ, ಇಸ್ ಬಾರ್ ಲೇ ಹೀ ಜಾಯಿಯೇ" ಎಂದು, ಅಂದರೆ ಈ ಸಲ ಕೊಂಡೇ ಹೋಗಿ ಎಂದು, ಕುರ್ಚಿ ಎಳೆಯುತ್ತಿದ್ದ.

ಮೊದಲ ಸಲ ಅವನು ಹೇಳಿದ ಬೆಲೆ ನಮಗೆ ಎಟುಕುವುದಕ್ಕೆ ಸ್ವಲ್ಪವೇ ಬಾಕಿ ಇತ್ತು. ಮುಂದಿನ ವರ್ಷ ಅಷ್ಟನ್ನು ಕೂಡಿಸಿಕೊಂಡು ಹೋದೆವು. ಅಷ್ಟರಲ್ಲಿ ಅದು ಇನ್ನೊಂದಿಷ್ಟು ಮುಂದೆ ಹೋಗಿತ್ತು. ಒಂದು ವರ್ಷ, ವಿಮೆಯನ್ನು ಐದು ವರ್ಷದ್ದು ಒಟ್ಟಿಗೇ ಕಟ್ಟಬೇಕೆಂದ. ಇನ್ನೊಂದು ವರ್ಷ ಬ್ರೇಕಿನ ಹೊಸ ನಿಯಮ ಎಂದ, ಮತ್ತೊಂದು ವರ್ಷ ಹೊಗೆಯ ಹೊಸ ನಿಯಮ ಎಂದ. ಕಬ್ಬಿಣ ಏರಿತು ಎಂದ. ಗಾಡಿ ಮಾತ್ರ ನೋಡಲು ಅದೇ ಗಾಡಿ. ಬಣ್ಣಕ್ಕೆ ಪ್ರತಿ ವರ್ಷ ಒಂದು ಹೊಸ ಹೆಸರು ಇರುತ್ತಿತ್ತು, ಅಷ್ಟೆ.

ಷೋರೂಮಿನ ಬೆಲೆ ಒಂದು, ರಸ್ತೆಗೆ ಇಳಿಸುವ ಬೆಲೆ ಇನ್ನೊಂದು ಎಂದು ಅವನು ವಿವರಿಸಿದಾಗ, "ಹಾಗಾದ್ರೆ ಒಳಗಿನ ಬೆಲೆಗೇ ಕೊಡಪ್ಪ. ದಿನಾ ಬಂದು ಇಲ್ಲೇ ಒಳಗೇ ನಾಲ್ಕು ಸುತ್ತು ಹೊಡ್ಕೊಂಡು ಹೋಗ್ತೀನಿ" ಎಂದು ಅವಳು ತನ್ನ ಅರ್ಧಂಬರ್ಧ ಹಿಂದಿಯಲ್ಲಿ ಹೇಳಿದಳು. ಷೋರೂಮಿನವರೆಲ್ಲ ನಕ್ಕರು. ಆ ಸೇಲ್ಸ್‌ಮನ್ ಚಹಾ ತರಿಸಿದ. ಚಹಾ ಕುಡಿದು, ಬಣ್ಣಬಣ್ಣದ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು ಆಟೋದಲ್ಲಿ ಮನೆಗೆ ಬಂದೆವು.

ಒಂದು ವಿಷಯವನ್ನು ಬರೆಯದೆ ಬಿಡಲಾರೆ. ಒಂದು ವರ್ಷ ನಮ್ಮಲ್ಲಿ ದುಡ್ಡು ಇತ್ತು. ಪೂರ್ತಿ ಇತ್ತು. ಅವಳ ಪುಡಿಯ ದುಡ್ಡು, ನನ್ನ ಪಿತೃಪಕ್ಷದ ದಕ್ಷಿಣೆ ಸೇರಿದರೆ ಆ ದಿನವೇ ಗಾಡಿ ತರಬಹುದಿತ್ತು. ಆ ಸಲ "ಬೇಡ" ಎಂದವನು ನಾನು. ಮನೆಯ ಮಾಳಿಗೆ ಸೋರುತ್ತಿದೆ, ಮಾಳಿಗೆ ಮೊದಲು ಆಗಲಿ, ಗಾಡಿ ಮುಂದಿನ ವರ್ಷ ಎಂದೆ. ಮಾಳಿಗೆ ಸೋರುತ್ತಿದ್ದದ್ದು ನಿಜ. ಆದರೆ ಒಳಗೊಳಗೇ ನನಗೆ ಇನ್ನೊಂದು ಮುಜುಗರವೂ ಇತ್ತು. ಪುರೋಹಿತರ ಹೆಂಡತಿ ಸ್ಕೂಟರಿನಲ್ಲಿ ಹೋಗುವುದನ್ನು ಘಾಟಿನ ಮೇಲಿನವರು ಏನೆಂದುಕೊಂಡಾರು ಎಂದು. ಇದನ್ನು ಅವಳಿಗೆ ಹೇಳಲಿಲ್ಲ. ಅವಳು "ಸರಿ, ಮಾಳಿಗೇನೇ ಆಗ್ಲಿ" ಎಂದಳು. ಆಮೇಲೆ ಎಂದೂ ನಮ್ಮ ದುಡ್ಡು ಆ ಬೆಲೆಯನ್ನು ಹಿಡಿಯಲಿಲ್ಲ.

ಕಳೆದ ವರ್ಷ ಚಳಿಗಾಲದ ಒಂದು ಬೆಳಿಗ್ಗೆ, ಹುಳಿಪುಡಿಗೆ ಕೊತ್ತಂಬರಿ ಬೀಜ ಹುರಿಯುತ್ತಾ ಕೂತವಳು ಹಾಗೇ ಗೋಡೆಗೆ ಒರಗಿದಳು. ಸೌಟು ಕೈಯಲ್ಲೇ ಇತ್ತು. ಪಕ್ಕದ ಮನೆಯವರೂ ನಾನೂ ಸೇರಿ ಕುರ್ಚಿಯಲ್ಲಿ ಕೂರಿಸಿ ಗಲ್ಲಿಯಿಂದ ಮೇಲೆ ಹೊತ್ತು ತಂದೆವು. ರಸ್ತೆ ಮುಟ್ಟುವ ಹೊತ್ತಿಗೆ ಅವಳು ಇರಲಿಲ್ಲ.

ಉಳಿದ ಕರ್ಮಗಳೆಲ್ಲ ಘಾಟಿನಲ್ಲೇ ಆದವು. ಮಾಡಿಸಿದವನು ನನ್ನ ಚಿಕ್ಕಪ್ಪನ ಮಗ, ನನ್ನ ತಮ್ಮ. ಅವನಿಗೆ ಈ ಕೆಲಸ ಕಲಿಸಿದವನೂ ನಾನೇ. ಹದಿಮೂರನೆಯ ದಿನ ಮುತ್ತೈದೆಯನ್ನು ಕೂರಿಸಬೇಕು. ಮುತ್ತೈದೆಯಾಗಿ ಹೋದವಳ ಹೆಸರಿನಲ್ಲಿ ಇನ್ನೊಬ್ಬ ಮುತ್ತೈದೆಗೆ ಊಟ ಹಾಕಿ, ಸೀರೆ, ಬಳೆ, ಅರಿಶಿನ, ಕುಂಕುಮ, ಕನ್ನಡಿ, ಬಾಚಣಿಗೆ ಕೊಡುವುದು ನಮ್ಮ ಕ್ರಮ. ಕೇದಾರ ಘಾಟಿನ ಹತ್ತಿರ ಇರುವ ಒಬ್ಬ ಹುಡುಗಿಯನ್ನು ಕರೆದೆವು. ಹುಡುಗಿ ಎಂದರೆ ಮೂವತ್ತು ಇರಬಹುದು. ಧಾರವಾಡದ ಕಡೆಯವಳು. ಗಂಡ ಮಠವೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾನೆ. ಅವಳು ಯೂನಿವರ್ಸಿಟಿಯಾಚೆ ಒಂದು ಸಣ್ಣ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳುತ್ತಾಳೆ. ನನ್ನ ಹೆಂಡತಿಯನ್ನು ಅವರ ಕಡೆಯ ರೂಢಿಯಂತೆ 'ಕಾಕು', ಚಿಕ್ಕಮ್ಮ, ಎನ್ನುತ್ತಿದ್ದಳು. ಇಬ್ಬರೂ ಎಷ್ಟೋ ಬೆಳಿಗ್ಗೆ ಒಂದೇ ಆಟೋಗೆ ಕಾದವರು.

ಸೀರೆ, ಬಳೆಗಳೆಲ್ಲ ಆದ ಮೇಲೆ ತಾತನ ಪ್ರಶ್ನೆಯನ್ನು ತಮ್ಮ ಕೇಳಿದ. "ಅಣ್ಣ, ಅತ್ತಿಗೆ ಆಸೆಪಟ್ಟು ಸಿಗದೇ ಉಳಿದದ್ದು ಏನಾದ್ರೂ...?"

ಈ ಪ್ರಶ್ನೆಯನ್ನು ನಾನು ಕೇಳಿದ್ದೆನೇ ಹೊರತು ಯಾರೂ ನನ್ನನ್ನು ಕೇಳಿರಲಿಲ್ಲ. "ಸ್ಕೂಟರ್" ಎಂದೆ. ಎದುರಿಗೆ ಆ ಹುಡುಗಿ ಎರಡೂ ಅಂಗೈ ಚಾಚಿ ಕೂತಿದ್ದಳು. ತಮ್ಮ ತನ್ನ ಸೊಂಟದ ಚೀಲದಲ್ಲಿ ನಾಣ್ಯ ಹುಡುಕುತ್ತಿದ್ದ. ಅಷ್ಟರಲ್ಲಿ ನನ್ನ ಕೈ ಚೊಂಬನ್ನು ಎತ್ತಿ, ಅವಳ ಖಾಲಿ ಅಂಗೈಗೆ ನೀರು ಬಿಟ್ಟುಬಿಟ್ಟಿತ್ತು.

"ಅರೆ, ತಾಳಿ ಅಣ್ಣ, ನಾಣ್ಯ..." ಎಂದ ತಮ್ಮ. ನೀರು ಅವಳ ಬೆರಳ ಸಂದಿಯಿಂದ ಇಳಿದು ನೆಲಕ್ಕೆ ಹೋಗಿತ್ತು.

ಹೇಗಾಯಿತೆಂದು ಬಹಳ ಸಲ ಯೋಚಿಸಿದ್ದೇನೆ. ಇಷ್ಟು ವರ್ಷ ನಾನು ಕೂತದ್ದು ಹೇಳಿಸುವವನ ಜಾಗದಲ್ಲಿ. ಇನ್ನೊಬ್ಬರ ಕೈ ಹಿಡಿದು ನಿಲ್ಲಿಸುವುದು ಮಾತ್ರ ನನಗೆ ಗೊತ್ತಿತ್ತು. ಕೊಡುವವನ ಜಾಗದಲ್ಲಿ ಕೂತಾಗ ನನ್ನ ಮಣಿಕಟ್ಟು ಹಿಡಿಯಲು ಅಲ್ಲಿ ನಾನಿರಲಿಲ್ಲ.

ತಮ್ಮ ಅಂದೇ ಸಂಜೆ ಪರಿಹಾರ ಹುಡುಕಿದ. "ಬೆಳ್ಳೀಲಿ ಒಂದು ಪುಟ್ಟ ಸ್ಕೂಟರ್ ಮಾಡಿಸೋಣ ಅಣ್ಣ. ಚೌಕ್‌ನ ಅಕ್ಕಸಾಲಿಗರು ಮಾಡಿ ಕೊಡ್ತಾರೆ. ಬೆಳ್ಳಿ ಹಸು ಕೊಡಲ್ವಾ, ಹಾಗೇ."

"ಬೆಳ್ಳಿ ಹಸು ಕೊಡೋವಾಗ ಬೆಳ್ಳಿ ಹಸು ಅಂತಾನೇ ಹೇಳಿ ಕೊಡ್ತೀವಿ."

"ಇದನ್ನು ಯಾರು ನೋಡ್ತಾ ಇದಾರೆ ಈಗ?"

"ನೀನು ನೋಡಿದೆಯಲ್ಲ."

ಅವನು ಬೆಳ್ಳಿಯ ಮಾತು ಬಿಟ್ಟ. ವರ್ಷಾಬ್ದಿಕದೊಳಗೆ ಕೊಟ್ಟರಾಯಿತು, ಇನ್ನೂ ಒಂದು ವರ್ಷ ಇದೆಯಲ್ಲ ಎಂದ. ನಾನೂ ಹಾಗೇ ನಿಶ್ಚಯಿಸಿಕೊಂಡೆ. ವರ್ಷ ತುಂಬುವುದರೊಳಗೆ ಅವಳ ಸ್ಕೂಟರು ಆ ಹುಡುಗಿಯ ಕೈಗೆ ಹೋಗಬೇಕು. ಹೋಗದಿದ್ದರೆ ವರ್ಷದ ಕಾರ್ಯಕ್ಕೆ ಕೂತು ಅವಳ ಹೆಸರು ಹೇಳಲು ನನ್ನ ಬಾಯಿ ಏಳುವುದಿಲ್ಲ.

ತಿಂಗಳು ಕಳೆದ ಮೇಲೆ ಒಬ್ಬನೇ ಷೋರೂಮಿಗೆ ಹೋದೆ. ಅದೇ ಸೇಲ್ಸ್‌ಮನ್. ತಲೆಯ ಮುಂಭಾಗ ಬೋಳಾಗಿತ್ತು. ನನ್ನ ಹಿಂದೆ ಬಾಗಿಲ ಕಡೆ ನೋಡಿ, "ಮಾತಾಜಿ ನಹೀಂ ಆಯೀಂ?" ಎಂದ, ಬರಲಿಲ್ಲವೇ ಎಂದು. ಹೇಳಿದೆ. ಅವನು ಎದ್ದುನಿಂತ. ಚಹಾ ತರಿಸಿದ. ಆಮೇಲೆ ಹಾಳೆಯ ಮೇಲೆ ಬೆಲೆ ಬರೆದು, ಹಾಳೆಯನ್ನು ನನ್ನ ಕಡೆ ತಿರುಗಿಸಿದ. ಲಕ್ಷ ದಾಟಿತ್ತು. ಅವಳು ಮೊದಲ ಸಲ ಕೇಳಿದ್ದರ ಸರಿಸುಮಾರು ಎರಡರಷ್ಟು. "ಎಲ್ಲರೂ ಹೀಗೇ ನೋಡಿ ಹೋಗ್ತಾರೆ ಪಂಡಿತ್‌ಜೀ. ಮೊದಲು ಹಾಲಿನವರು, ತರಕಾರಿಯವರು ಹೊಸ ಗಾಡಿ ತಗೊಳ್ತಿದ್ರು. ಈಗ ಅವರೆಲ್ಲ ಸೆಕೆಂಡ್ ಹ್ಯಾಂಡ್ ಹುಡುಕ್ತಾರೆ" ಎಂದ. ಅವನ ದನಿಯಲ್ಲಿ ವ್ಯಾಪಾರ ಇರಲಿಲ್ಲ. ಅವನೇ ಸೈಕಲ್ಲಿನಲ್ಲಿ ಬರುತ್ತಾನೆಂದು ಆ ದಿನ ತಿಳಿಯಿತು.

ಸೆಕೆಂಡ್ ಹ್ಯಾಂಡ್ ನಾನೂ ಯೋಚಿಸಿದೆ. ಆದರೆ ಇನ್ನೊಬ್ಬರು ಬಳಸಿ ಬಿಟ್ಟದ್ದನ್ನು ದಾನ ಕೊಡುವಂತಿಲ್ಲ. ಆಮೇಲೆ ತೆರಿಗೆ ಇಳಿಸಿದರೆಂದು ಕೇಳಿ ಮತ್ತೆ ಹೋದೆ. ಇಳಿದದ್ದು ನಿಜ. ಆ ವಾರ ಷೋರೂಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೆ ಹತ್ತು ಮೆಟ್ಟಿಲು ಹತ್ತಿದ್ದು ಒಂದು ಮೆಟ್ಟಿಲು ಇಳಿದಿತ್ತು. ಪೋಸ್ಟಾಫೀಸಿನಲ್ಲಿದ್ದ ಅವಳ ಪುಡಿಯ ದುಡ್ಡು, ನನ್ನ ಪಿತೃಪಕ್ಷದ ಸಂಪಾದನೆ ಎರಡೂ ಸೇರಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಆಗುತ್ತಿತ್ತು. ಕಂತಿನಲ್ಲಿ ಕೊಡಲು ಬ್ಯಾಂಕಿನವರು ತಿಂಗಳ ಆದಾಯದ ಕಾಗದ ಕೇಳಿದರು. ಯಾರ ಮನೆಯಲ್ಲಿ ಯಾವಾಗ ಸಾವಾಗುತ್ತದೆಂದು ಕಾಗದ ಕೊಡುವವರು ಯಾರು?

ಅಷ್ಟರಲ್ಲಿ ಆ ಹುಡುಗಿಯನ್ನು ರಸ್ತೆಯಲ್ಲಿ ಆಗಾಗ ನೋಡುತ್ತಿದ್ದೆ. ಬೆಳಿಗ್ಗೆ ಸೋನಾರ್‌ಪುರದಲ್ಲಿ ಆಟೋಗಳು ತುಂಬಿಕೊಂಡೇ ಬರುತ್ತವೆ. ಅವಳು ಒಂದು ಕಾಲು ಮುಂದಿಟ್ಟು, ಕೈ ಅಡ್ಡ ಹಿಡಿದು ನಿಂತಿರುತ್ತಾಳೆ. ತಡವಾದರೆ ಶಾಲೆಯಲ್ಲಿ ಅರ್ಧ ದಿನದ ಸಂಬಳ ಹಿಡಿಯುತ್ತಾರೆ. ನನ್ನನ್ನು ಕಂಡರೆ ಮುಖ ಬೇರೆ ಕಡೆ ತಿರುಗಿಸುತ್ತಿದ್ದಳು. ಗಾಡಿ ಕೇಳುತ್ತಿದ್ದಾಳೆಂದು ನಾನು ತಿಳಿಯಬಾರದು ಎಂದು. ನಾನೂ ಮುಖ ತಿರುಗಿಸುತ್ತಿದ್ದೆ. ಕೊನೆಗೆ ಒಂದು ದಿನ ಅವಳೇ ಹತ್ತಿರ ಬಂದಳು.

"ಕಾಕಾ, ಅದನ್ನ ಮನಸ್ಸಿಗೆ ಹಚ್ಕೊಂಡು ಕುಂಡ್ರಬ್ಯಾಡ್ರಿ. ಕೈಗೆ ನೀರು ಬಿತ್ತು, ನಾ ಒರಸ್ಕೊಂಡೆ. ಮುಗೀತು."

"ಮುಗಿಯೋದಿಲ್ಲಮ್ಮ ಅದು."

"ನಿಮಗ ಮುಗಿಯೂದಿಲ್ಲ, ನಮ್ಮ ಅತ್ತಿಯವ್ರಿಗೆ ಸುರು ಆಗಬಾರ್ದು. ಅವರು ದಿನಾ ಹೆದ್ರಿ ಸಾಯ್ಲಿಕ್ಹತ್ಯಾರ. ನೀವ ಬಂದು ಒಂದು ಮಾತು ಹೇಳ್ರಿ."

ಇದು ನನಗೆ ಹೊಳೆದಿರಲೇ ಇಲ್ಲ. ದಾನ ಕೊಡುವವನ ಕಷ್ಟವನ್ನು ಮಾತ್ರ ಎಣಿಸುತ್ತಿದ್ದೆ. ತೆಗೆದುಕೊಳ್ಳುವವರಿಗೂ ಭಯವಿದೆ. ಸತ್ತವರ ಹೆಸರಿನ ದೊಡ್ಡ ದಾನ ಹಿಡಿದರೆ ಅದರ ದೋಷವೂ ಜೊತೆಗೆ ಬರುತ್ತದೆ, ಜಪ ಮಾಡಿ ಕಳೆದುಕೊಳ್ಳಬೇಕು ಎಂಬ ನಂಬಿಕೆ ನಮ್ಮಲ್ಲಿ ಇದೆ. ನನ್ನ ತಂದೆಯೂ ಹಾಸಿಗೆ ದಾನ ಹಿಡಿದ ದಿನ ಊಟ ಬಿಟ್ಟು ಜಪಕ್ಕೆ ಕೂರುತ್ತಿದ್ದರು.

ಮರುದಿನ ಅವರ ಮನೆಗೆ ಹೋದೆ. ಅತ್ತೆ ಎಪ್ಪತ್ತು ದಾಟಿದವರು, ಗಂಡ ತೀರಿಕೊಂಡು ಬಹಳ ವರ್ಷಗಳಾದವು. ಹೂಬತ್ತಿ ಹೊಸೆಯುತ್ತಾ ಕೂತಿದ್ದರು. ಕೂರಲು ಹೇಳಿ, ನೀರು ಕೊಟ್ಟು, ನೇರ ವಿಷಯಕ್ಕೆ ಬಂದರು.

"ನೋಡ್ರಿ ಭಟ್ರ, ಸೀರಿ ಬ್ಯಾರೆ, ಗಾಡಿ ಬ್ಯಾರೆ. ಸೀರಿ ಉಟ್ರ ಹರೀತದ, ಹರಿದ್ರ ತೀರಿತು. ಗಾಡಿ ಹತ್ತು ವರ್ಷ ಮನಿ ಮುಂದ ನಿಂದ್ರತದ. ಹತ್ತು ವರ್ಷದ ಜಪ ಮಾಡವ್ರು ಯಾರು? ನನ್ನ ಮಗ ಬೆಳಿಗ್ಗೆ ಎದ್ದು ಮುನ್ನೂರು ಮಂದಿಗೆ ಸಾರು ಕುದಿಸ್ಬೇಕು."

"ಈಗಿನ ಗಾಡಿ ಹತ್ತು ವರ್ಷ ಎಲ್ಲಿ ಬಾಳ್ತಾವ್ರಿ ಅತ್ತಿ" ಎಂದಳು ಸೊಸೆ ಒಳಗಿನಿಂದ.

"ನೀ ಸುಮ್ನಿರು. ನಿನಗ ಆಸೆ ಅದ, ಅದಕ್ಕ ಮಾತಾಡ್ತಿ."

"ಆಸೆ ಅದರಿ. ಇಲ್ಲ ಅನ್ನಂಗಿಲ್ಲ." ಅವಳು ಹೊರಗೆ ಬಂದು ಬಾಗಿಲಿಗೆ ಒರಗಿ ನಿಂತಳು. "ಈ ತಿಂಗಳು ನಾಕು ಅರ್ಧ ದಿನ ಕಟ್ ಆಗ್ಯಾವ. ನಾನೂ ಒಂದಿಷ್ಟು ಕೂಡಿಸಿಟ್ಟೀನಿ. ಕಾಕಾ ಅವರು ಕೊಡೂದು ಕೊಡ್ಲಿ, ಉಳಿದದ್ದು ನಾನು ಕಂತು ಕಟ್ತೀನಿ. ನನಗ ಪಗಾರ್ ಚೀಟಿ ಅದ, ಬ್ಯಾಂಕ್‌ನವ್ರು ಕೊಡ್ತಾರ."

"ಹಂಗಾರ ಮುಂದಿನ ಗಾಲಿ ದಾನ, ಹಿಂದಿನ ಗಾಲಿ ಖರೀದಿ ಅಂತೀಯೇನು?"

ನಾನು ನಗಬಾರದಿತ್ತು, ನಕ್ಕುಬಿಟ್ಟೆ. ಮುದುಕಿಯೂ ನಕ್ಕರು. ಆಮೇಲೆ ಹೂಬತ್ತಿ ಕೆಳಗಿಟ್ಟು, ನನ್ನನ್ನು ಚೆನ್ನಾಗಿ ನೋಡಿ ಕೇಳಿದರು.

"ನಿಮಗ ಮಕ್ಕಳಿಲ್ಲ, ಅಲ್ರಿ?"

"ಇಲ್ಲ."

"ಇಕೀಗೆ ತವರಿಲ್ಲ. ಅಪ್ಪ ಸಣ್ಣಾಕಿದ್ದಾಗ ಹೋದ. ಅವ್ವ ಹೋಗಿ ಮೂರು ವರ್ಷ ಆತು. ಮದುವ್ಯಾಗ ತವರಿನವ್ರು ಅರ್ಧ ಬಂಗಾರ ಹಾಕ್ತಾರ, ಅತ್ತಿ ಮನಿಯವ್ರು ಅರ್ಧ ಹಾಕ್ತಾರ. ಅದಕ್ಕ ಯಾವ ದೋಷನೂ ಇಲ್ಲ, ಯಾವ ಜಪನೂ ಇಲ್ಲ. ತವರಿನವರಾಗಿ ಉಡಿ ತುಂಬಿ ಕೊಡ್ರಿ, ನಾ ಒಪ್ಪತೀನಿ. ಆದ್ರ ಒಂದು. ಇನ್ನೊಮ್ಮೆ ನೀರು ಬಿಡಬಾರ್ದು, ಮಂತ್ರ ಹೇಳಬಾರ್ದು."

ನಾನು ತಕ್ಷಣ ಹೂಂ ಎನ್ನಲಿಲ್ಲ. ಮಂತ್ರವಿಲ್ಲದೆ ಕೊಟ್ಟದ್ದು ದಾನವಾಗುವುದಿಲ್ಲ. ದಾನವಾಗದಿದ್ದರೆ ಅಂದು ಬಿಟ್ಟ ನೀರಿಗೆ ಏನು ಅರ್ಥ? ಮನೆಗೆ ಬಂದು ತಾತನ ಹಳೆಯ ಪುಸ್ತಕಗಳನ್ನು ತೆಗೆದು ಕೂತೆ. ಹಸುವಿನ ಬಗ್ಗೆ, ಕುದುರೆಯ ಬಗ್ಗೆ, ಪಲ್ಲಕ್ಕಿಯ ಬಗ್ಗೆ ಎಲ್ಲ ಬರೆದಿತ್ತು. ಕೊಡುವವನ ಬಳಿ ಅರ್ಧವೇ ಇದ್ದು, ತೆಗೆದುಕೊಳ್ಳುವವಳ ಅತ್ತೆಗೆ ಭಯವಿದ್ದರೆ ಏನು ಮಾಡಬೇಕೆಂದು ಎಲ್ಲಿಯೂ ಇರಲಿಲ್ಲ. ಆದರೆ ಪ್ರತಿಯೊಂದು ದಾನದ ಕೆಳಗೂ 'ಯಥಾಶಕ್ತಿ' ಎಂದು ಬರೆದಿತ್ತು. ಶಕ್ತಿ ಇದ್ದಷ್ಟು. ಆ ಮಾತನ್ನು ನಾನು ಎದುರಿಗೆ ಕೂತವರಿಗೆ ದಿನಕ್ಕೆ ಹತ್ತು ಸಲ ಹೇಳುತ್ತೇನೆ. ನನಗೆ ನಾನು ಹೇಳಿಕೊಳ್ಳಲು ಒಂಬತ್ತು ತಿಂಗಳು ಬೇಕಾಯಿತು.

ತಮ್ಮನಿಗೆ ಹೇಳಿದೆ. ಅವನು, "ಅತ್ತಿಗೆ ಇದ್ದಿದ್ರೆ ಏನಂತಿದ್ರು ಗೊತ್ತಾ ಅಣ್ಣ? ಮೊದ್ಲು ಗಾಡಿ ಮನೆ ಮುಟ್ಲಿ, ದಾನವೋ ಉಡಿಯೋ, ಹೆಸರು ಆಮೇಲೆ ಇಡಿ ಅಂತಿದ್ರು" ಎಂದ. ಅವನು ಹೇಳಿದ್ದು ಸರಿ. ಅವಳ ದನಿಯೇ ಕೇಳಿದ ಹಾಗಾಯಿತು.

ವರ್ಷ ತುಂಬಲು ಮೂರು ವಾರ ಇರುವಾಗ ಉಡಿ ತುಂಬಿಸಿದೆವು. ಹೆಂಡತಿ ಇಲ್ಲದವನು ನಾನು. ತಮ್ಮನ ಹೆಂಡತಿ ಬಂದು ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಕಣ, ಐದು ಹಣ್ಣು ಅವಳ ಸೆರಗಿಗೆ ಹಾಕಿದಳು. ನಾನು ದುಡ್ಡಿನ ಲಕೋಟೆಯನ್ನು ಕಾಯಿಯ ಪಕ್ಕಕ್ಕೆ ಇಟ್ಟೆ. ಕೈ ಅಭ್ಯಾಸಬಲದಿಂದ ಚೊಂಬಿನ ಕಡೆ ಹೋಯಿತು. ಅತ್ತೆ ಕೂತಲ್ಲಿಂದಲೇ ಕೆಮ್ಮಿದರು. ಕೈ ಹಿಂದಕ್ಕೆ ತೆಗೆದುಕೊಂಡೆ. ಹುಡುಗಿ ಸೆರಗಿನಲ್ಲಿ ಭಾರ ಹಿಡಿದುಕೊಂಡೇ ಬಾಗಿ ನನ್ನ ಕಾಲು ಮುಟ್ಟಿದಳು. "ಚೆನ್ನಾಗಿರಮ್ಮ" ಎಂದೆ. ಆಶೀರ್ವಾದಕ್ಕೆ ನನಗೆ ಎಷ್ಟೋ ಸಂಸ್ಕೃತದ ಸಾಲುಗಳು ಗೊತ್ತು. ಅಂದು ಒಂದೂ ಬರಲಿಲ್ಲ.

ಮರುವಾರ ಗಾಡಿ ತರಲು ಅವಳು ನನ್ನನ್ನೂ ಕರೆದಳು. ಗಂಡನಿಗೆ ಅಡುಗೆಮನೆ ಬಿಟ್ಟು ಬರಲಾಗಲಿಲ್ಲ. ಹೊಸ ವರ್ಷದ ಹೆಸರಿನಲ್ಲಿ ಬೆಲೆ ಮತ್ತೆ ಒಂದಿಷ್ಟು ಏರಿತ್ತು. ಅವಳ ಕಂತು ಇನ್ನೆರಡು ತಿಂಗಳು ಉದ್ದವಾಯಿತು. ಅವಳು ಅದನ್ನು ಆಟೋ ಬಾಡಿಗೆಯ ಜೊತೆ ಹೋಲಿಸಿ ನೋಡಿ, ತಲೆಯಾಡಿಸಿ ಸಹಿ ಹಾಕಿದಳು. ಅರ್ಜಿಯಲ್ಲಿ ಅವಳ ಹೆಸರು ಮಾತ್ರ ಇತ್ತು. ಸೇಲ್ಸ್‌ಮನ್ ಸೀಟಿನ ಹೊದಿಕೆ, ಕಾಲಿನ ಮ್ಯಾಟು, ಅದು ಇದು ಎಂದು ಸೇರಿಸಿದ್ದನ್ನು ತಾನೇ ಒಂದೊಂದಾಗಿ ಹೊಡೆದುಹಾಕಿದ. "ಬಿಟಿಯಾ ಹೈ ಆಪ್‌ಕೀ?" ಎಂದು ಕೇಳಿದ. ಮಗಳೇ ಎಂದು. ಹೌದು ಎಂದೆ.

ಗಾಡಿಗೆ ಹೂವಿನ ಹಾರ ಹಾಕಿ, ನಮ್ಮಿಬ್ಬರನ್ನೂ ನಿಲ್ಲಿಸಿ ಫೋಟೋ ತೆಗೆದರು. ಅವಳು ಶಾಲೆಯ ಇನ್ನೊಬ್ಬ ಟೀಚರರ ಗಾಡಿಯಲ್ಲಿ ಒಂದು ತಿಂಗಳಿಂದ ಅಭ್ಯಾಸ ಮಾಡಿದ್ದಳಂತೆ. ಆದರೂ ಹಿಡಿಕೆ ಹಿಡಿಯುವ ಮೊದಲು ಅಂಗೈಯನ್ನು ಎರಡು ಸಲ ಸೆರಗಿಗೆ ಒರೆಸಿಕೊಂಡಳು. ನಾನು ಹಿಂದೆ ಕೂರಬೇಕೇನೋ ಎಂದು ಪಂಚೆ ಸರಿಮಾಡಿಕೊಂಡೆ.

"ಕಾಕಾ, ಸಿಟ್ಟಾಗಬ್ಯಾಡ್ರಿ. ಹಿಂದ ಮಂದೀನ್ ಕುಂಡ್ರಿಸ್ಕೊಂಡು ನನಗ ಇನ್ನೂ ರೂಢಿ ಇಲ್ಲ. ನಿಮ್ಮನ್ನ ಎಲ್ಲೆರೆ ಕೆಡವಿದ್ರ ನಮ್ಮ ಅತ್ತಿ ನನ್ನನ್ನ ಜಪಕ್ಕ ಕುಂಡ್ರಸ್ತಾರ."

"ನೀನು ಹೋಗಮ್ಮ. ನಿಧಾನ."

"ಇದನ್ನ ಇಟ್ಕೊಳ್ರಿ, ನನಗ ಹಿಡಕೊಳ್ಳಿಕ್ಕೆ ಆಗೂದಿಲ್ಲ." ಗಾಡಿಯ ಜೊತೆ ಎರಡು ಹೆಲ್ಮೆಟ್ ಕೊಟ್ಟಿದ್ದರು. ಒಂದನ್ನು ಹಾಕಿಕೊಂಡು, ಇನ್ನೊಂದನ್ನು ನನ್ನ ಕೈಗೆ ಕೊಟ್ಟಳು. ಮೆಲ್ಲಗೆ ರಸ್ತೆಗೆ ಇಳಿದಳು. ಎರಡು ಸಲ ಕಾಲು ಊರಿದಳು, ಒಂದು ಸಲ ಸುಮ್ಮಸುಮ್ಮನೆ ಹಾರ್ನ್ ಹೊಡೆದಳು. ಒಂದು ಎತ್ತು ಅಡ್ಡ ಬಂತು, ನಿಂತಳು, ಅದು ಹೋಗುವವರೆಗೂ ಕಾದಳು. ಆಮೇಲೆ ಆಟೋಗಳ ನಡುವೆ ಸೇರಿಹೋದಳು. ಹಾರದ ಚೆಂಡುಹೂವು ಸ್ವಲ್ಪ ದೂರದವರೆಗೆ ಕಂಡಿತು.

ನಾನು ಒಂದು ಟೋಟೋ ಹಿಡಿದು, ಹೆಲ್ಮೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಬ್ಯಾಟರಿ ರಿಕ್ಷಾಕ್ಕೆ ಇಲ್ಲಿ ಹಾಗನ್ನುತ್ತಾರೆ. ಓಡಿಸುವವನು ಕನ್ನಡಿಯಲ್ಲಿ ನನ್ನ ಜುಟ್ಟು, ವಿಭೂತಿ, ಹೆಲ್ಮೆಟ್ಟು ಮೂರನ್ನೂ ನೋಡಿದ. ಶಿವಾಲಾ ದಾಟುವವರೆಗೂ ತಡೆದುಕೊಂಡ. ಆಮೇಲೆ ಆಗಲಿಲ್ಲ.

"ಗಾಡಿಯಾ ಕಹಾಂ ಬಾ, ಪಂಡಿತ್‌ಜೀ?" ಗಾಡಿ ಎಲ್ಲಿ ಎಂದು.

"ಕೊಟ್ಟುಬಿಟ್ಟೆ" ಎಂದೆ ಹಿಂದಿಯಲ್ಲಿ. "ನನ್ನ ಹೆಂಡತಿಯದು."

"ಗಾಡಿ ದೇ ದೇಹಲೀಂ, ಹೆಲ್ಮೆಟ್ ರಖ್ ಲೇಹಲೀಂ?" ಗಾಡಿ ಕೊಟ್ಟು ಹೆಲ್ಮೆಟ್ ಇಟ್ಟುಕೊಂಡಿರಾ ಎಂದು ಅವನು ಹೊಟ್ಟೆ ಹಿಡಿದು ನಕ್ಕ. ಪಕ್ಕದಲ್ಲಿ ಕೂತಿದ್ದ ಹೆಂಗಸೂ ಸೆರಗು ಬಾಯಿಗೆ ಇಟ್ಟುಕೊಂಡಳು.

ನನಗೂ ನಗು ಬಂತು. ಸೋನಾರ್‌ಪುರದಲ್ಲಿ ಇಳಿದು ಬಾಡಿಗೆ ಕೊಟ್ಟೆ. ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿಯುವುದೋ ಕಂಕುಳಲ್ಲಿ ಇಟ್ಟುಕೊಳ್ಳುವುದೋ ತಿಳಿಯದೆ ಸ್ವಲ್ಪ ಹೊತ್ತು ಗಲ್ಲಿಯ ಬಾಯಲ್ಲಿ ನಿಂತೆ. ಮರುದಿನ ಬೆಳಿಗ್ಗೆ ಅವಳು ಶಾಲೆಗೆ ಹೊರಡುವ ಮುಂಚೆ ಅದನ್ನು ಕೇದಾರ ಘಾಟಿನ ಮನೆಗೆ ಮುಟ್ಟಿಸಬೇಕು ಎಂದುಕೊಂಡು ಮೆಟ್ಟಿಲು ಇಳಿದೆ.